ಅವರೆಕಾಯಿ ಬೋಗಿಯಿಂದ ಕದ್ದ ಮಾತು

ಮೊನ್ನೆ ರೈಲಿನಲ್ಲಿ ಸೀಸನ್ ಪಾಸ್ ಹುಡುಕುತ್ತಾ ವ್ಯಾನಿಟಿ ಬ್ಯಾಗಿನ ತಳಕ್ಕೆ ಕೈ ಹಾಕಿದೆ. ಪಾಸ್ ಸಿಗಲಿಲ್ಲ, ಒಣಗಿ ಸುರುಟಿಕೊಂಡ ಒಂದು ಅವರೆಕಾಯಿ ಸಿಪ್ಪೆ ಸಿಕ್ಕಿತು. ಟಿಕೆಟ್ ನೋಡುವವರು ಎದುರಿಗೇ ನಿಂತಿದ್ದರು. ಅವರು ನನ್ನನ್ನೊಮ್ಮೆ, ಸಿಪ್ಪೆಯನ್ನೊಮ್ಮೆ ನೋಡಿ, ‘ನಿಧಾನಕ್ಕೆ ಹುಡುಕಿ ಮೇಡಂ, ನಿಮ್ಮನ್ನ ಟೀವೀಲಿ ನೋಡಿದೀನಿ’ ಎಂದರು. ಪಾಸ್ ಆಮೇಲೆ ಊಟದ ಡಬ್ಬಿಯ ಕೆಳಗೆ ಸಿಕ್ಕಿತು. ಆದರೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಯಾಕೆಂದು ಹೇಳಬೇಕಾದರೆ ನಮ್ಮ ಬೋಗಿಯಿಂದಲೇ ಶುರುಮಾಡಬೇಕು.

ನಾನು ಚನ್ನಪಟ್ಟಣದವಳು. ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವುದು ನನ್ನ ಬದುಕು. ದಶಪಥ ರಸ್ತೆ ಆದಮೇಲೆ ನೆಂಟರೆಲ್ಲ, ‘ಇನ್ನೂ ರೈಲಾ? ಕಾರಿನಲ್ಲಿ ಒಂದು ಗಂಟೆ’ ಎಂದು ಹುಬ್ಬೇರಿಸುತ್ತಾರೆ. ಕಾರಿನಲ್ಲಿ ಬಂದರೆ ಅವರೆಕಾಯಿ ಸುಲಿಯುವುದು ಯಾವಾಗ ಎಂದು ನಾನು ಕೇಳುತ್ತೇನೆ.

ನಮ್ಮ ಹೆಂಗಸರ ಬೋಗಿಗೆ ಚಳಿಗಾಲದಲ್ಲಿ ಅವರೆಕಾಯಿ ಬೋಗಿ ಎಂದೇ ಹೆಸರು. ಮಾಗಡಿಗೆ ರೈಲಿಲ್ಲ, ಚುನಾವಣೆ ಬಂದಾಗ ಭಾಷಣದಲ್ಲಿ ಬಂದು ಭಾಷಣದಲ್ಲೇ ಹೋಗುತ್ತದೆ. ಆದರೆ ಮಾಗಡಿಯ ಅವರೆಕಾಯಿ ಮಾತ್ರ ಬಸ್ಸಿನಲ್ಲಿ ಬೆಂಗಳೂರಿನ ಮಾರ್ಕೆಟ್ಟಿಗೆ ಬಂದು, ಅಲ್ಲಿಂದ ನಮ್ಮ ಜೊತೆ ದಿನಾ ರೈಲು ಹತ್ತುತ್ತದೆ. ಕೆಂಗೇರಿ ದಾಟುವ ಹೊತ್ತಿಗೆ ಚೀಲಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಮಧ್ಯದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬೇಸಿನ್. ಯಾರು ತಂದ ಕಾಯಿಯಾದರೂ ಕಾಳು ಬೀಳುವುದು ಅದೇ ಬೇಸಿನ್ನಿಗೆ. ರಾಮನಗರ ಬರುವ ಮುಂಚೆ ಎಲ್ಲರ ಡಬ್ಬಿಗೂ ಬೊಗಸೆ ಲೆಕ್ಕದಲ್ಲಿ ಹಂಚಬೇಕು. ಹಂಚುವವರು ಕೊನೆಗೆ ತಗೋಬೇಕು. ಇನ್ನೊಂದು ನಿಯಮ ಏನೆಂದರೆ ಯಾರು ಏನು ಬೇಕಾದರೂ ಮಾತಾಡಬಹುದು, ಯಾವ ಪಕ್ಷವನ್ನಾದರೂ ಬೈಯಬಹುದು, ಆದರೆ ಕೈ ನಿಲ್ಲಿಸಬಾರದು. ಶಾಸನಸಭೆಯಲ್ಲೂ ಎಲ್ಲರ ಮುಂದೆ ಒಂದೊಂದು ಮೊರ ಕಾಯಿ ಇಟ್ಟರೆ ನಾಡಿಗೆ ಕಾಳಾದರೂ ಸಿಗುತ್ತಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಹಂಚುವ ಕೆಲಸ ಶಾಹಿದಾಳದು. ಅವಳು ರಾಮನಗರದವಳು, ಬೆಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಹನ್ನೆರಡು ಡಬ್ಬಿಗೆ ಹಂಚಿದರೂ ಒಂದು ಕಾಳಿನಷ್ಟು ಹೆಚ್ಚುಕಡಿಮೆಯಾಗುವುದಿಲ್ಲ. ಇನ್ನೊಬ್ಬರು ಪುಟ್ಟತಾಯಕ್ಕ. ಸಾತನೂರಿನಿಂದ ಚನ್ನಪಟ್ಟಣಕ್ಕೆ ಬಸ್ಸು, ಅಲ್ಲಿಂದ ರೈಲು, ಬೆಂಗಳೂರಿನ ಒಂದು ಆಫೀಸಿನಲ್ಲಿ ಅಟೆಂಡರ್. ಅವರು ಮಾತಾಡುವುದು ಕಡಿಮೆ, ಆಡಿದರೆ ಆ ದಿನವೆಲ್ಲ ಬೇರೆಯವರು ಆಡುವುದು ಬೇಕಾಗುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಸಣ್ಣವಳಿದ್ದಾಗ ನಮ್ಮ ಬೀದಿಯಲ್ಲಿ ಬೊಂಬೆ ಕಡೆಯುವ ಒಬ್ಬ ಸಾಬರಿದ್ದರು. ಅವರ ಪಟ್ಟಡಿಯ ಮುಂದೆ ಮರದ ಹೊಟ್ಟು, ಅರಗಿನ ವಾಸನೆ. ನಮ್ಮಪ್ಪ ಪೋಸ್ಟ್ ಮಾಸ್ಟರು. ಮನೆಗೆ ಟೀವಿ ತಂದರೆ ಮಕ್ಕಳು ಕೆಡುತ್ತಾರೆಂದು ನಂಬಿದ್ದವರು. ನಾನು ಅತ್ತು ಕರೆದದ್ದನ್ನು ನೋಡಲಾರದೆ ಆ ಸಾಬರು ನನಗೊಂದು ಮರದ ಟೀವಿ ಮಾಡಿಕೊಟ್ಟರು. ಹಳದಿ ಚೌಕಟ್ಟು, ತಿರುಗುವ ಎರಡು ಕೆಂಪು ಗುಬುಟು, ನಡುವೆ ಖಾಲಿ. ಆ ಖಾಲಿಯಲ್ಲಿ ನಾನು ಮುಖ ತೂರಿಸಿಕೊಂಡು ದಿನಾ ಸಂಜೆ ವಾರ್ತೆ ಓದುತ್ತಿದ್ದೆ. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಸಾರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ. ಎಂಟು ವರ್ಷದ ಹುಡುಗಿಗೆ ಆ ಚೌಕಟ್ಟಿನೊಳಗೆ ಮುಖ ಇಟ್ಟರೆ ತಾನು ಆಡಿದ್ದೆಲ್ಲ ನಿಜವಾಗುತ್ತದೆ ಎನ್ನಿಸುತ್ತಿತ್ತು. ಐವತ್ತಾದ ಮೇಲೂ ಆ ಹುಡುಗಿ ಎಲ್ಲಿಗೂ ಹೋಗಿರಲಿಲ್ಲ ಎನ್ನುವುದು ಹೋದ ಚಳಿಗಾಲದಲ್ಲಿ ಗೊತ್ತಾಯಿತು.

ಒಂದು ಸಂಜೆ ಶಾಹಿದಾ ಕಾಳು ಸುಲಿಯುತ್ತಾ ತನ್ನ ಅಮ್ಮಿಯ ವಿಷಯ ಹೇಳಿದಳು. ಅಮ್ಮಿ ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿರುತ್ತದೆ, ಬೆರಳು ಹಾಕಿ ಎಳೆಯ ತುದಿ ಹಿಡಿಯಬೇಕು. ನಲವತ್ತು ವರ್ಷ ಹಾಗೆ ಹಿಡಿದು ಹಿಡಿದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ರೇಷನ್ ಅಂಗಡಿಯ ಮಿಷಿನ್ನಿನ ಮೇಲೆ ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ತೊಳೆದು ಇಟ್ಟರೂ ಕೆಂಪು, ಒರೆಸಿ ಇಟ್ಟರೂ ಕೆಂಪು, ಹತ್ತು ಬೆರಳೂ ಕೆಂಪು. ಅಂಗಡಿಯವರು ಏನು ಮಾಡಿಯಾರು, ಮಿಷಿನ್ ಒಪ್ಪುವುದಿಲ್ಲ. ಬೆರಳಚ್ಚಿನಿಂದ ವಿನಾಯಿತಿ ಕೊಡಿ ಎಂದು ಅರ್ಜಿ ಹಿಡಿದುಕೊಂಡು ಅಮ್ಮಿ ಆರು ತಿಂಗಳಿಂದ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು.

‘ಮೊನ್ನೆ ಹೋದ್ರೆ ಆಫೀಸಲ್ಲಿ ಯಾರೂ ಇಲ್ಲ ಮಿಸ್’ ಎಂದಳು ಶಾಹಿದಾ. ‘ಎಲ್ರೂ ಯಾವ್ದೋ ಉದ್ಘಾಟನೆಗೆ ಹೋಗವ್ರೆ. ನಾನು ಒಳಗೆ ವಿಚಾರಿಸ್ಕೊಂಡು ಬರೋಷ್ಟ್ರಲ್ಲಿ ಅಮ್ಮಿ ಗೇಟ್ ಹತ್ರ ಇರೋ ಫ್ಲೆಕ್ಸ್ ಮುಂದೆ ಅರ್ಜಿ ಚಾಚ್ಕೊಂಡು ನಿಂತವ್ರೆ. ಫ್ಲೆಕ್ಸಲ್ಲಿ ದೊಡ್ಡ ಮನುಷ್ಯರು ಕೈ ಮುಗ್ಕೊಂಡು ನಗ್ತಾವ್ರೆ. ಏನಮ್ಮಿ ಇದು ಅಂದೆ. ಅದಕ್ಕೆ ಅಮ್ಮಿ, ಮಿಷಿನ್‌ಗೆ ನನ್ ಕೈ ಕಾಣಲ್ಲ, ಇವ್ರು ಐದು ವರ್ಷ ಆದ್ರೂ ಮುಗಿದ ಕೈ ಬಿಚ್ಚಲ್ಲ, ಅರ್ಜಿ ಎಲ್ಲಿ ಇಡ್ಲಿ ಹೇಳು ಅಂದ್ರು.’

ಬೋಗಿಯೆಲ್ಲ ನಕ್ಕಿತು. ಶಾಹಿದಾಳೂ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡದ್ದನ್ನು ಪಕ್ಕದಲ್ಲಿದ್ದ ನಾನು ಮಾತ್ರ ನೋಡಿದೆ.

ಅದಾಗಿ ಒಂದು ವಾರಕ್ಕೆ ಟೀವಿಯವರು ನಮ್ಮ ಬೋಗಿಗೆ ಬಂದರು. ಚುನಾವಣೆ ಹತ್ತಿರವಿತ್ತು; ‘ಜನರ ಜೊತೆ ಪಯಣ’ ಎಂಬಂಥ ಏನೋ ಕಾರ್ಯಕ್ರಮ. ಮೈಕು ಹಿಡಿದ ಯುವಕ ಕೆಂಗೇರಿಯಲ್ಲಿ ಹತ್ತಿ ಮೊದಲು ಪುಟ್ಟತಾಯಕ್ಕನ ಮುಂದೆ ಕೂತು, ‘ಅಮ್ಮಾ, ಏನು ನಿಮ್ಮ ನೋವು?’ ಎಂದು ಕೇಳಿದ. ಅವರು ಕಾಯಿಯಿಂದ ತಲೆಯೆತ್ತದೆ, ‘ಮಂಡಿ’ ಎಂದರು. ಆಮೇಲೆ ಮೈಕು ನನ್ನ ಕಡೆ ತಿರುಗಿತು. ನಾನು ಟೀಚರು ನೋಡಿ, ಪ್ರಜಾಪ್ರಭುತ್ವದ ಮೂರು ಅಂಗಗಳಿಂದ ಶುರುಮಾಡಿದೆ. ನ್ಯಾಯಾಂಗಕ್ಕೆ ಬರುವಷ್ಟರಲ್ಲಿ ಮೈಕು ಕೆಳಗಿಳಿಯತೊಡಗಿತ್ತು. ‘ಸ್ವಂತ ಅನುಭವ ಏನಾದ್ರೂ ಇದ್ರೆ ಹೇಳಿ ಮೇಡಂ’ ಎನ್ನುತ್ತಲೇ ಅವನ ಕಣ್ಣು ಮುಂದಿನ ಸೀಟಿಗೆ ಹೋಗಿತ್ತು.

ಅಷ್ಟೇ ಸಾಕಾಯಿತು. ಹಳದಿ ಚೌಕಟ್ಟು ಕೈಜಾರಿ ಹೋಗುತ್ತಿದೆ ಎನ್ನಿಸಿಬಿಟ್ಟಿತು. ಅವತ್ತು ಶಾಹಿದಾ ರಜೆ, ಅಮ್ಮಿಯನ್ನು ಮತ್ತೆ ಕಚೇರಿಗೆ ಕರೆದುಕೊಂಡು ಹೋಗಿದ್ದಳು. ನನ್ನ ಬಾಯಿಂದ, ‘ನಮ್ಮಮ್ಮ ನಲವತ್ತು ವರ್ಷ ರೇಷ್ಮೆ ಬಿಚ್ಚಿದೋರು’ ಎಂದು ಹೊರಟಿತು. ಹೊರಟಿದ್ದು ನಿಲ್ಲಲಿಲ್ಲ. ಕುದಿಯುವ ನೀರು, ಸವೆದ ಬೆರಳು, ಕೆಂಪು ದೀಪ, ಫ್ಲೆಕ್ಸು, ಮುಗಿದ ಕೈ, ಎಲ್ಲ ಬಂತು. ಕೊನೆಯಲ್ಲಿ ಕಣ್ಣೀರು ಕೂಡ ಬಂತು. ಅದು ಯಾರ ಕಣ್ಣೀರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾತು ಮುಗಿಸಿ ತಿರುಗಿದರೆ ಪುಟ್ಟತಾಯಕ್ಕನ ಕೈ ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕೈ ನಿಂತದ್ದು ಅದೇ ಮೊದಲು.

ನಲವತ್ತು ಸೆಕೆಂಡಿನ ತುಣುಕು ಅದು. ಎರಡೇ ದಿನದಲ್ಲಿ ಯಾರೋ ಪುಣ್ಯಾತ್ಮರು ಅದಕ್ಕೆ ಹಿನ್ನೆಲೆಯಲ್ಲಿ ಕೊಳಲು ಸೇರಿಸಿದರು. ಕುದೂರಿನ ಚಿಕ್ಕಮ್ಮನಿಂದ ಹಿಡಿದು ಮರಳವಾಡಿಯ ಬೀಗರವರೆಗೆ ಎಲ್ಲರ ಮೊಬೈಲಿಗೂ ಬಂತು. ಕೆಲವರು ನನ್ನನ್ನು ತಾಯಿ ಎಂದರು, ಕೆಲವರು ಯಾವ ಪಕ್ಷದಿಂದ ಎಷ್ಟು ಬಂತು ಎಂದು ಕೇಳಿದರು. ಶಾಲೆಯಲ್ಲಿ ಹೆಡ್ಮಾಸ್ಟರು ಶಾಲು ಹೊದಿಸಿ, ಸತ್ಯವನ್ನು ಧೈರ್ಯವಾಗಿ ಹೇಳುವುದನ್ನು ಮಕ್ಕಳು ನನ್ನಿಂದ ಕಲಿಯಬೇಕು ಎಂದರು. ಅದೇ ಮಧ್ಯಾಹ್ನ ಕಿರುಪರೀಕ್ಷೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಕ್ಕದವಳ ಉತ್ತರ ನೋಡಿ ಬರೆಯುತ್ತಿದ್ದಳು. ಅವಳು ನನ್ನನ್ನು ನೋಡಿದಳು, ನಾನು ಕಿಟಕಿ ನೋಡಿದೆ. ನಕಲು ಹೊಡೆಯುವವರನ್ನು ಹಿಡಿಯುವುದರಲ್ಲಿ ಇಡೀ ಶಾಲೆಗೆ ನನ್ನ ಹೆಸರು ದೊಡ್ಡದಿತ್ತು.

ತುಣುಕು ಹರಡಿದ ಮೇಲೂ ಶಾಹಿದಾ ಎಂದಿನಂತೆ ರೈಲಿಗೆ ಬಂದಳು. ಕಾಯಿ ಸುಲಿದಳು, ಬೊಗಸೆಯಲ್ಲಿ ಹಂಚಿದಳು. ನನ್ನ ಡಬ್ಬಿಗೆ ಹಾಕುವಾಗ, ‘ನಿಮ್ಮಮ್ಮ ಹೇಗಿದಾರೆ ಮಿಸ್? ಬೆರಳು ನೋವಿದ್ಯಾ?’ ಎಂದಳು.

‘ಅದು ಹಾಗಲ್ಲ ಶಾಹಿದಾ, ಕ್ಯಾಮೆರಾ ಎದುರಿಗಿತ್ತು, ಹೇಗೋ ಬಂದುಬಿಡ್ತು…’

‘ಮಾತು ತಗೊಂಡ್ರಿ, ಪರವಾಗಿಲ್ಲ. ನಮ್ಮಮ್ಮೀನ ಯಾಕ್ ತಗೊಂಡ್ರಿ?’

ರಾಮನಗರ ಬಂತು, ಇಳಿದುಹೋದಳು. ಮಾರನೆಯ ದಿನದಿಂದ ನಮ್ಮ ಬೋಗಿಗೆ ಬರಲಿಲ್ಲ. ಹಿಂದಿನ ಜನರಲ್ ಬೋಗಿಯಲ್ಲಿ ನಿಂತುಕೊಂಡು ಹೋಗುತ್ತಿದ್ದಾಳೆ ಎಂದು ಯಾರೋ ಹೇಳಿದರು. ಹಂಚುವ ಕೆಲಸ ನಾನು ವಹಿಸಿಕೊಂಡೆ. ಮೊದಲ ದಿನವೇ ಜಗಳವಾಯಿತು. ನನಗೆ ನಾನೇ ಸಮಾಧಾನ ಹೇಳಿಕೊಳ್ಳಬೇಕಲ್ಲ, ಅದಕ್ಕೆ ಪುಟ್ಟತಾಯಕ್ಕನ ಹತ್ತಿರ, ‘ಈ ಬೋಗಿಯಲ್ಲಿ ಯಾರ ಕಾಯಿ ಯಾರ ಕಾಳು ಅಂತ ಲೆಕ್ಕ ಉಂಟಾ ಅಕ್ಕ? ಮಾತೂ ಹಾಗೇ ಅಲ್ವಾ, ಎಲ್ಲರದೂ’ ಎಂದೆ.

ಅವರು ಹುಳುಕು ಕಾಯಿಯೊಂದನ್ನು ಕಿಟಕಿಯಾಚೆ ಎಸೆದು, ‘ಕಾಳು ಅಂಚ್ಕಬೋದು ಕಣ್ ಟೀಚ್ರಮ್ಮ. ಅವ್ವನ್ನ ಅಂಚ್ಕಳಕ್ಕಾದದಾ?’ ಎಂದರು. ಆ ದಿನ ಬೇರೆ ಯಾರೂ ಮಾತಾಡಬೇಕಾಗಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಒಳಗೊಳಗೇ ಬೆಂದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ಭಾನುವಾರ ನಮ್ಮ ಮನೆ ಮುಂದೆ ಎರಡು ಕಾರು ಬಂದು ನಿಂತವು. ಯಾವುದೋ ಪಕ್ಷದ ಕಾರ್ಯಕರ್ತರು, ಒಂದು ಮೂಟೆ ಅಕ್ಕಿ, ಒಂದು ಹಾರ, ಒಬ್ಬ ವಿಡಿಯೋದವನು. ಜೊತೆಗೆ ಮಿಷಿನ್ ಹಿಡಿದುಕೊಂಡ ರೇಷನ್ ಅಂಗಡಿಯವರು ಬೇರೆ. ‘ನಮ್ ಸಾಹೇಬ್ರು ನಿಮ್ ವಿಡಿಯೋ ನೋಡಿ ಊಟ ಬಿಟ್ಬುಟ್ರು ಮೇಡಂ. ತಾಯೋರ್ನ ಕರೀರಿ, ಬೆರಳಚ್ಚು ಬೀಳದೆ ಇರೋದ್ನ ವಿಡಿಯೋ ಮಾಡ್ಕೊಂಡು, ಆಮೇಲೆ ಸಾಹೇಬ್ರ ಹೆಸ್ರಲ್ಲಿ ಅಕ್ಕಿ ಕೊಡ್ತೀವಿ’ ಎಂದ ಅವರ ಮುಖಂಡ.

ನಮ್ಮಮ್ಮ ಧಾರಾವಾಹಿ ಅರ್ಧಕ್ಕೆ ಬಿಟ್ಟು ಬಂದ ಕೋಪದಲ್ಲಿದ್ದರು. ‘ನಾನ್ಯಾವತ್ತೇ ರೇಷ್ಮೆ ಬಿಚ್ಚಿದ್ದು? ಗೂಡಿನ ವಾಸನೆಗೆ ಮೂಗು ಮುಚ್ಚಿಕೊಳ್ಳೋಳು ನಾನು’ ಎಂದು ನನ್ನ ಕಡೆ ತಿರುಗಿದರು. ಅವರು ಹೇಳಿದ್ದು ಯಾರಿಗೂ ಬೇಕಿರಲಿಲ್ಲ. ವಿಡಿಯೋ ಶುರುವಾಯಿತು, ಹಾರ ಬಿತ್ತು, ಅಮ್ಮನ ಹೆಬ್ಬೆಟ್ಟನ್ನು ಹಿಡಿದು ಮಿಷಿನ್ನಿನ ಮೇಲೆ ಒತ್ತಿದರು. ಒತ್ತಿದ ಮರುಕ್ಷಣ ಹಸಿರು ದೀಪ ಹತ್ತಿತು.

‘ಇನ್ನೊಂದ್ಸಲ’ ಎಂದ ಮುಖಂಡ. ಹಸಿರು. ತೋರುಬೆರಳು ಹಸಿರು, ಉಂಗುರದ ಬೆರಳು ಹಸಿರು. ಅಂಗಡಿಯವರು ಸಂತೋಷ ತಡೆಯಲಾರದೆ, ‘ನನ್ ಸರ್ವೀಸಲ್ಲೇ ಇಂಥ ಬೆರಳು ನೋಡಿಲ್ಲ’ ಎಂದರು. ಪೋಸ್ಟ್ ಮಾಸ್ಟರ ಹೆಂಡತಿಯಾಗಿ ನೆಮ್ಮದಿಯಿಂದ ಬಾಳಿದ ಬೆರಳು ಅದು, ಗೆರೆ ಒಂದೂ ಅಳಿಸಿರಲಿಲ್ಲ.

ನಾನು ಗೋಡೆ ಹಿಡಿದುಕೊಂಡು, ‘ನಿಜವಾಗಿ ಬೆರಳು ಸವೆದಿರೋರು ಬೇರೆಯವರು, ರಾಮನಗರದಲ್ಲಿದ್ದಾರೆ, ವಿಳಾಸ ಕೊಡುತ್ತೇನೆ, ದಯವಿಟ್ಟು ಅಲ್ಲಿಗೆ ಹೋಗಿ’ ಎಂದೆ. ಮುಖಂಡ ಆಗಲೇ ಹಾರವನ್ನು ಅಮ್ಮನ ಕೊರಳಿಂದ ತೆಗೆದು ಮಡಚುತ್ತಿದ್ದ. ‘ರಾಮನಗರ ಬೇರೆ ಕ್ಷೇತ್ರ ಮೇಡಂ, ನಮ್ಗೆ ಬರಾಕಿಲ್ಲ’ ಎಂದ. ಅಕ್ಕಿ ಮೂಟೆಯೂ ಕಾರಿಗೆ ವಾಪಸ್ ಹೋಯಿತು. ಹಸಿವು ಚನ್ನಪಟ್ಟಣದ ಗಡಿಯಲ್ಲಿ ನಿಂತು ಯಾವ ಕ್ಷೇತ್ರ ಎಂದು ಕೇಳಿಕೊಂಡು ಒಳಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ, ಸಮಾಜ ವಿಜ್ಞಾನದ ಪಠ್ಯದಲ್ಲಿ ಅದಿಲ್ಲ.

ಎಲ್ಲವನ್ನೂ ಒಂದೇ ಸಲ ಸರಿಮಾಡಿಬಿಡುತ್ತೇನೆಂದು ನಾನು ಮಾಡಿದ್ದು ಇನ್ನೊಂದು ದಡ್ಡತನ. ಟೀವಿಯವರು ಚರ್ಚೆಗೆ ಕರೆದರು, ಮನೆಯಿಂದಲೇ ವಿಡಿಯೋ ಕಾಲಿನಲ್ಲಿ. ಇಡೀ ನಾಡಿನ ಮುಂದೆ ಶಾಹಿದಾಳ ಹೆಸರು ಹೇಳಿ ಕ್ಷಮೆ ಕೇಳುವುದೆಂದು ನಿರ್ಧರಿಸಿ, ಆ ಸಂದರ್ಭಕ್ಕೆಂದು ರೇಷ್ಮೆ ಸೀರೆ ಉಟ್ಟುಕೊಂಡೆ. ರೇಷ್ಮೆ ಸೀರೆ. ಅದರ ಅರ್ಥ ಹೊಳೆದದ್ದು ಕುಚ್ಚು ಸರಿಮಾಡಿಕೊಳ್ಳುವಾಗ. ಆಗ ಬದಲಾಯಿಸಲು ಹೊತ್ತಿರಲಿಲ್ಲ. ಪರದೆಯಲ್ಲಿ ಆರು ಕಿಟಕಿ, ಐದರಲ್ಲಿ ಗಂಡಸರು, ಐವರೂ ಒಟ್ಟಿಗೆ ಮಾತಾಡುತ್ತಿದ್ದರು. ನಮ್ಮ ಬೋಗಿಯಲ್ಲಿ ಹನ್ನೆರಡು ಜನ ಮಾತಾಡಿದರೆ ಒಂದು ಸೇರು ಕಾಳಾದರೂ ಆಗುತ್ತದೆ. ಅರ್ಧ ಗಂಟೆಯಾದ ಮೇಲೆ ನಿರೂಪಕರು, ‘ಈಗ ನೊಂದ ಮಗಳು’ ಎಂದು ನನ್ನ ಹೆಸರು ಹೇಳಿದರು. ನಾನು ಎಲ್ಲವನ್ನೂ ಹೇಳಿದೆ. ಅಮ್ಮಿಯ ಬೆರಳು, ಶಾಹಿದಾಳ ಮಾತು, ನನ್ನ ಕಳ್ಳತನ, ಒಂದೂ ಬಿಡದೆ. ಹೇಳಿ ಹಗುರಾಗಿ ಉಸಿರು ಬಿಟ್ಟೆ.

‘ನಿನ್ನ ದನಿಯೇ ಬರಲಿಲ್ಲವಲ್ಲೇ’ ಎಂದು ಅಮ್ಮ ಒಳಗಿನ ಟೀವಿ ಮುಂದಿನಿಂದ ಕೂಗಿ ಹೇಳಿದರು. ನಾನು ಬಾಯಿ ತೆರೆದ ಗಳಿಗೆಯಲ್ಲೇ ಅತ್ತ ಕಡೆಯವರು ನನ್ನ ಮೈಕು ಮುಚ್ಚಿ, ಕೊಳಲು ಹಾಕಿದ್ದರಂತೆ.

ಮರುದಿನ ಸಂಜೆ ನಾನು ಹಿಂದಿನ ಜನರಲ್ ಬೋಗಿ ಹತ್ತಿದೆ. ಬಾಗಿಲ ಹತ್ತಿರ ಜನರ ಮಧ್ಯೆ ಶಾಹಿದಾ ನಿಂತಿದ್ದಳು. ನನ್ನನ್ನು ನೋಡಿ, ‘ನಿನ್ನೆ ಟೀವೀಲಿ ಬಾಯಿ ಆಡಿಸಿದ್ದು ಕಾಣಿಸ್ತು ಮಿಸ್. ಏನಂದ್ರಿ?’ ಎಂದಳು.

ಕ್ಯಾಮೆರಾ ಮುಂದೆ ಎಷ್ಟು ಸುಲಭವಾಗಿ ಬಂದಿತ್ತು. ಈಗ ಮೊದಲ ಪದಕ್ಕೇ ತಡಕಾಡಿದೆ. ಸುತ್ತ ಐವತ್ತು ಜನ, ಒಬ್ಬರಿಗೂ ನನ್ನ ಮಾತು ಬೇಕಿರಲಿಲ್ಲ, ಎಲ್ಲರಿಗೂ ಕೇಳಿಸುತ್ತಿತ್ತು. ಬಿಡದಿಯಿಂದ ಶುರುಮಾಡಿ ರಾಮನಗರದ ಬಂಡೆಗಳು ಕಾಣುವವರೆಗೆ ತೊದಲಿ ತೊದಲಿ ಹೇಳಿದೆ. ಕದ್ದೆ ಎಂಬ ಪದವನ್ನೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ‘ಬುಧವಾರ ರಜ ಹಾಕಿ. ಅಮ್ಮಿ ಜೊತೆ ಆಫೀಸಿಗೆ ಹೋಗ್ಬೇಕು’ ಎಂದು ಇಳಿದಳು.

ಬುಧವಾರ ಹೋದೆ. ಅಮ್ಮಿಯನ್ನು ಅವತ್ತೇ ಮೊದಲು ನೋಡಿದ್ದು, ಸಣ್ಣ ಆಳು, ಬಿಳಿ ದುಪಟ್ಟಾ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅರ್ಜಿ. ಸಾಲು ಹೊರಗಿನ ಮರದವರೆಗೂ ಇತ್ತು. ನಮ್ಮ ಸರದಿ ಬಂದಾಗ ಗುಮಾಸ್ತರು ಎಂದಿನಂತೆ, ‘ಮುಂದಿನ್ ವಾರ ಬನ್ನಿ’ ಎನ್ನಲು ಬಾಯಿ ತೆರೆದು ನನ್ನನ್ನು ನೋಡಿ ನಿಲ್ಲಿಸಿದರು.

‘ನೀವು ಆ ಫ್ಲೆಕ್ಸ್ ಮೇಡಂ ಅಲ್ವಾ? ಇವ್ರೇನಾ ನಿಮ್ಮ ತಾಯಿ?’

ನಾನು ಶಾಹಿದಾಳ ಮುಖ ನೋಡಿದೆ. ಹೌದು ಎಂದರೆ ಕೆಲಸ ಇವತ್ತೇ ಆಗುತ್ತದೆ. ಅಲ್ಲ ಎಂದರೆ ಮುಂದಿನ ವಾರ, ಅದರ ಮುಂದಿನ ವಾರ. ಅವಳು ನನ್ನನ್ನೇ ನೋಡುತ್ತಿದ್ದಳು. ಕದಿಯುವಾಗ ಒಂದು ಕ್ಷಣವೂ ಯೋಚಿಸದವಳಿಗೆ ವಾಪಸ್ ಕೊಡುವಾಗ ಬೆವರು ಬಂತು. ‘ಅಲ್ಲ ಸರ್’ ಎಂದೆ. ‘ಆ ಮಾತು ನಂದಲ್ಲ. ಇವರು ಶಾಹಿದಾ ಅವರ…’

ಅಷ್ಟು ಹೇಳುವಷ್ಟರಲ್ಲಿ ಅಮ್ಮಿ ನನ್ನ ಕೈ ಹಿಡಿದುಕೊಂಡರು. ‘ನನ್ ಮಗಳೇ ಕಣಪ್ಪ. ಇವ್ಳೂ, ಅವ್ಳೂ. ಬೇಗ ಬರ್ಕೊಡು’ ಎಂದರು.

ಗುಮಾಸ್ತರು ಕುರ್ಚಿ ಹಾಕಿಸಿದರು, ಟೀ ತರಿಸಿದರು, ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರು. ಆರು ತಿಂಗಳ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಷ್ಟು ಹೊತ್ತೂ ಅಮ್ಮಿ ನನ್ನ ಕೈ ಬಿಡಲಿಲ್ಲ. ಅವರ ಬೆರಳ ತುದಿಗಳು ನನ್ನ ಅಂಗೈ ಮೇಲಿದ್ದವು, ಒಂದು ಗೆರೆಯೂ ಇಲ್ಲದೆ, ಅರಗು ಹಾಕಿದ ಬೊಂಬೆಯಷ್ಟು ನುಣ್ಣಗೆ. ಇಡೀ ನಾಡಿಗೆ ಆ ಬೆರಳುಗಳನ್ನು ವರ್ಣಿಸಿದ್ದವಳು ನಾನು. ಅವುಗಳನ್ನು ಮುಟ್ಟಿದ್ದು ಅವತ್ತೇ ಮೊದಲು. ನನಗೆ ಅಳು ಬಂತು, ಈ ಸಲ ಅದು ನನ್ನದೇ.

ಮರುದಿನ ಶಾಹಿದಾ ನಮ್ಮ ಬೋಗಿಗೆ ಬಂದಳು. ಪುಟ್ಟತಾಯಕ್ಕ ಬೇಸಿನ್ನನ್ನು ಅವಳ ಕಡೆ ತಳ್ಳಿದರು. ಹನ್ನೆರಡು ಡಬ್ಬಿಗೂ ಸಮನಾಗಿ ಬಿತ್ತು, ಅವಳದಕ್ಕೆ ಕೊನೆಯಲ್ಲಿ. ಇಳಿಯುವ ಮುಂಚೆ, ಆ ಗುಮಾಸ್ತರು ಫೋಟೋ ಹಿಡಿದುಕೊಂಡದ್ದರ ಬಗ್ಗೆ ಅವಳು ಒಂದು ಮಾತು ಹೇಳಿದಳು. ಬೋಗಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಪುಟ್ಟತಾಯಕ್ಕನೂ ನಕ್ಕರು. ಅದೇನೆಂದು ನಾನು ಇಲ್ಲಿ ಬರೆಯುವುದಿಲ್ಲ. ಅದು ಶಾಹಿದಾಳದು.